ಊರೆಲ್ಲ ಸೇರಿ ತೀರಿಸಿದ ಟಿಕೆಟ್ ಸಾಲ

ನಾನಿರೋದು ಕೆನಡಾದ ವಾಟರ್‌ಲೂನಲ್ಲಿ. ಹೆಸರಿಗೆ ಟೆಕ್ ಕಂಪನಿಗಳ ಊರು. ಆದರೆ ಪಕ್ಕದ ಸೇಂಟ್ ಜೇಕಬ್ಸ್ ಸಂತೆಗೆ ಹೋದರೆ ಕಾರುಗಳ ಮಧ್ಯೆ ಕಪ್ಪು ಕುದುರೆಗಾಡಿಗಳೂ ನಿಂತಿರುತ್ತವೆ. ಇಂಡಿಯಾದಿಂದ ಬಂದ ನೆಂಟರು ಕೂಡಲೇ ಮೊಬೈಲ್ ತೆಗೀತಾರೆ. (ದಯವಿಟ್ಟು ಮುಖದ ಫೋಟೊ ಬೇಡ, ಅವರಿಗೆ ಅದು ಇಷ್ಟವಿಲ್ಲ.) ಮೆನ್ನೊನೈಟರು ಅಂದರೆ ಇವರಷ್ಟೇ ಅಂತ ನಾವು ಅಂದ್ಕೊಳ್ತೀವಿ. ಗಾಡಿ ಓಡಿಸುವವರು ಅವರಲ್ಲಿ ಒಂದು ಪಂಗಡ ಮಾತ್ರ. ನನಗೆ ಹಿಡಿಸಿದ್ದು ಇನ್ನೊಂದು ಕವಲಿನ ಕತೆ, ಅದರಲ್ಲೂ ಅವರ ಸಾಲದ ಕತೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡ್ತೀನಿ. 16ನೇ ಶತಮಾನದ ಯುರೋಪಿನಲ್ಲಿ ಹುಟ್ಟಿದ ಕ್ರೈಸ್ತ ಪಂಗಡ ಇದು. ಡಚ್ ಪಾದ್ರಿ ಮೆನ್ನೊ ಸಿಮನ್ಸ್‌ನಿಂದ ಈ ಹೆಸರು ಬಂತು. ದೀಕ್ಷಾಸ್ನಾನ ತಿಳಿವಳಿಕೆ ಬಂದ ಮೇಲೆಯೇ ಆಗಲಿ, ಕೈಗೆ ಆಯುಧ ಬೇಡ ಎಂಬ ಹಟಕ್ಕೆ ಅವರು ದೇಶದಿಂದ ದೇಶಕ್ಕೆ ಅಲೆದರು. ಒಂದು ಕವಲು 1789ರಲ್ಲಿ ಈಗಿನ ಉಕ್ರೇನಿಗೆ ಹೋಗಿ ಬೇಸಾಯದಲ್ಲಿ ಸ್ಥಿತಿವಂತವಾಯಿತು. ರಷ್ಯಾದ ಕ್ರಾಂತಿ, ಅಂತರ್ಯುದ್ಧ, ಕ್ಷಾಮ ಎಲ್ಲವನ್ನೂ ಕಸಿದುಕೊಂಡವು. ಹಸಿದವರಿಗೆ ಊಟ ಕಳಿಸಲು 1920ರಲ್ಲಿ ಅಮೆರಿಕದ ಮೆನ್ನೊನೈಟರು ಮೆನ್ನೊನೈಟ್ ಸೆಂಟ್ರಲ್ ಕಮಿಟಿ ಕಟ್ಟಿದರು.

ಊಟವೇನೋ ಬಂತು, ಹೊರಡೋಕೆ ದುಡ್ಡು? ಸಾಸ್ಕಾಚೆವಾನ್‌ನ ಬಿಷಪ್ ಡೇವಿಡ್ ಟೇವ್ಸ್ ಕೆನಡಿಯನ್ ಪೆಸಿಫಿಕ್ ರೈಲ್ವೆ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಟಿಕೆಟ್ ಈಗ, ಹಣ ಆಮೇಲೆ, ಹೊಣೆ ಸಮುದಾಯದ್ದು. ಕೆನಡಾದಲ್ಲಿ ಮೊದಲೇ ನೆಲೆಸಿದ್ದ ಮೆನ್ನೊನೈಟರಲ್ಲೇ ಕೆಲವರು ಸಿಟ್ಟಾದರು. ಮುಖ ನೋಡದವರ ಸಾಲಕ್ಕೆ ನಮ್ಮ ಹೊಲ ಹೋದರೆ? ನಮ್ಮ ಮನೆಗಳಲ್ಲಿ ಹಿರಿಯರು "ಯಾರಿಗೂ ಜಾಮೀನು ಹಾಕ್ಬೇಡ" ಅಂತಾರಲ್ಲ, ಅದೇ ಭಯ. ಅದು ಸಣ್ಣತನ ಅಂತ ನನಗನಿಸೋದಿಲ್ಲ.

1923ರಿಂದ 1930ರೊಳಗೆ ಸುಮಾರು 20,000 ಮಂದಿ ಬಂದರು. 1924ರ ಜುಲೈನಲ್ಲಿ ಈ ವಾಟರ್‌ಲೂಗೇ 800ಕ್ಕೂ ಹೆಚ್ಚು ಜನ ರೈಲಿನಲ್ಲಿ ಬಂದಿಳಿದರು. ಸ್ಥಳೀಯ ಮೆನ್ನೊನೈಟ್ ಕುಟುಂಬಗಳು ಅವರನ್ನು ಮನೆಗೆ ಕರೆದೊಯ್ದವು. ಎರಡೂ ಕಡೆಯವರದು ಜರ್ಮನ್ ಮೂಲದ ಮಾತೇ, ಆದರೂ ಆಡುಭಾಷೆ ಬೇರೆ, ಉಡುಪು ಬೇರೆ. ಧಾರವಾಡದವರು ಮಂಗಳೂರಿನವರ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದ ಹಾಗೆ!

ಸಾಲ ತೀರಿಸಿದ್ದು ಯಾರು? ಹೊಲದಲ್ಲಿ ದುಡಿದ ಗಂಡಸರಷ್ಟೇ ಅಲ್ಲ. ಮದುವೆಯಾಗದ ಹೆಣ್ಣುಮಕ್ಕಳು ವಿನಿಪೆಗ್‌ನಂಥ ನಗರಗಳಿಗೆ ಹೋಗಿ ಶ್ರೀಮಂತರ ಮನೆಗಳಲ್ಲಿ ಕೆಲಸಕ್ಕೆ ನಿಂತರು. ಇಂಗ್ಲಿಷ್ ಬಾರದು, ಸ್ಟೌ ಹೊಸದು, ಯಜಮಾನತಿ ಹೇಳಿದ್ದು ಅರ್ಥವಾಗದು. ರಷ್ಯಾದಲ್ಲಿ ತಮ್ಮ ಮನೆಯಲ್ಲೇ ಆಳುಕಾಳು ಇದ್ದವರೂ ಅವರಲ್ಲಿದ್ದರು. ಸಂಬಳ ನೇರ ಮನೆಗೆ ಹೋಗುತ್ತಿತ್ತು, ಅಲ್ಲಿಂದ ಸಾಲಕ್ಕೆ. ಅವರಿಗಾಗಿ ಚರ್ಚಿನವರು 'ಹುಡುಗಿಯರ ಮನೆ'ಗಳನ್ನು ನಡೆಸಿದರು. ಗುರುವಾರ ಮಧ್ಯಾಹ್ನ ರಜೆ ಸಿಕ್ಕರೆ ಎಲ್ಲರೂ ಅಲ್ಲಿ ಸೇರಿ ಹಾಡು, ಹರಟೆ, ಪ್ರಾರ್ಥನೆ. ಕೆಲಸ ಹುಡುಕಿಕೊಡುವುದು, ಯಾವ ಮನೆ ಸರಿಯಿಲ್ಲ ಅಂತ ಎಚ್ಚರಿಸುವುದು, ಎಲ್ಲ ಅಲ್ಲಿಂದಲೇ. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಊರಿಗೆ ಹಣ ಕಳಿಸುವ ನನ್ನ ಗೆಳತಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕಂತು ನಿಂತುಹೋಯಿತು, ಬಡ್ಡಿ ಬೆಳೆಯಿತು. ತಮ್ಮ ಪಾಲು ಮುಗಿಸಿದವರನ್ನೂ ಬಿಡಲಿಲ್ಲ, "ತೀರಿಸಲಾಗದವರದ್ದನ್ನೂ ಹಂಚಿಕೊಳ್ಳಿ" ಎಂದು ಚರ್ಚುಗಳು ಕೇಳಿದವು. ಸಾಕಷ್ಟು ಮಂದಿ ಗೊಣಗಿದರು, ಗೊಣಗುತ್ತಲೇ ಕೊಟ್ಟರು. ರೈಲ್ವೆ ಕೂಡ ಬಡ್ಡಿಯ ದೊಡ್ಡ ಪಾಲನ್ನು ಬಿಟ್ಟುಕೊಟ್ಟಿತು. 1946ರಲ್ಲಿ ಲೆಕ್ಕ ಚುಕ್ತಾ ಆಯಿತು. ಟೇವ್ಸ್ ಅದನ್ನು ನೋಡಿಯೇ ಮರುವರ್ಷ ತೀರಿಕೊಂಡರು.

1979ರಲ್ಲಿ ವಿಯೆಟ್ನಾಂ ಕಡೆಯಿಂದ ನಿರಾಶ್ರಿತರು ದೋಣಿ ಹತ್ತಿ ಹೊರಟಾಗ, ಅವರನ್ನು ಕರೆಸಿಕೊಂಡು ನೋಡಿಕೊಳ್ಳುತ್ತೇವೆ ಎಂದು ಕೆನಡಾ ಸರ್ಕಾರದೊಂದಿಗೆ ಎಲ್ಲರಿಗಿಂತ ಮೊದಲು ಒಪ್ಪಂದ ಮಾಡಿಕೊಂಡಿದ್ದು ಅದೇ ಸೆಂಟ್ರಲ್ ಕಮಿಟಿಯ ಕೆನಡಾ ಶಾಖೆ. ಮನೆ, ಊಟ, ಚಳಿಗಾಲದ ಕೋಟು, ಎಲ್ಲದರ ಹೊಣೆ ಕರೆಸಿಕೊಂಡವರದ್ದೇ.