'ಎರಡನ್ನೂ ಹೇಗೆ ಸಂಭಾಳಿಸ್ತೀರಿ?': ಮೂವರು ಮಹಿಳಾ ಇಂಜಿನಿಯರುಗಳು ಮತ್ತು ಒಂದು ಹಳೇ ಪ್ರಶ್ನೆ

ದೊಡ್ಡ ಹುದ್ದೆಗೇರಿದ ಮಹಿಳೆಯರ ಸಂದರ್ಶನ ಓದಿದ್ದೀರಾ? ನಾಲ್ಕನೆಯದೋ ಐದನೆಯದೋ ಪ್ರಶ್ನೆ ಬಹುಪಾಲು ಒಂದೇ ಇರುತ್ತೆ: "ಮೇಡಂ, ಮನೆ, ಕೆಲಸ ಎರಡನ್ನೂ ಹೇಗೆ ಸಂಭಾಳಿಸ್ತೀರಿ?" ಅದೇ ಹುದ್ದೆಯಲ್ಲಿರೋ ಗಂಡಸರಿಗೆ ಈ ಪ್ರಶ್ನೆ ಬರೋದು ಅಪರೂಪ. ಓದಿ ಮುಗಿಸಿದ ನಮಗೆ ಉಳಿಯೋದು ಒಂದೇ ಭಾವನೆ: 'ಅಬ್ಬಾ, ಎಂಥಾ ಶಕ್ತಿವಂತೆ! ಎಲ್ಲರಿಗೂ ಇದು ಸಾಧ್ಯ ಇಲ್ಲಪ್ಪ.'

ಇಲ್ಲೇ ಸಮಸ್ಯೆ ಇರೋದು. ಮೊದಲ ವರ್ಷದ ಮೆಕ್ಯಾನಿಕ್ಸ್ ನೆನಪು ಮಾಡಿಕೊಳ್ಳಿ. ಭಾರ ಹೊತ್ತ ಬೀಮ್ ಒಂದು ಕದಲದೆ ನಿಂತಿದ್ದರೆ, "ಬೀಮ್ ಬಲು ಗಟ್ಟಿಗ" ಅಂತ ಬರೆದರೆ ಮಾರ್ಕ್ಸ್ ಸಿಗಲ್ಲ. ಫ್ರೀ ಬಾಡಿ ಡಯಾಗ್ರಾಮ್ ಬರೆಯಬೇಕು. ಯಾವ ಸಪೋರ್ಟು ಎಷ್ಟು ಭಾರ ಹೊತ್ತಿದೆ ಅಂತ ತೋರಿಸಬೇಕು. ವೃತ್ತಿ, ಸಂಸಾರಗಳ 'ಬ್ಯಾಲೆನ್ಸ್' ಕೂಡ ಹಾಗೆಯೇ. ಮೂವರು ಇಂಜಿನಿಯರುಗಳ ಬದುಕನ್ನು ಈ ಕಣ್ಣಿನಿಂದ ನೋಡೋಣ.

ಅಯ್ಯಲಸೋಮಯಾಜುಲ ಲಲಿತಾ: ಮಗುವಿನ ತಾಯಿ, ಗಿಂಡಿಯ ವಿದ್ಯಾರ್ಥಿನಿ

ಮದರಾಸಿನ ತೆಲುಗು ಕುಟುಂಬದಲ್ಲಿ 1919ರಲ್ಲಿ ಹುಟ್ಟಿದ ಲಲಿತಾ ಅವರಿಗೆ 15ನೇ ವಯಸ್ಸಿಗೇ ಮದುವೆ. 1937ರಲ್ಲಿ ಮಗಳು ಶ್ಯಾಮಲಾ ಹುಟ್ಟಿದಳು. ಮಗುವಿಗೆ ನಾಲ್ಕು ತಿಂಗಳಾದಾಗ ಗಂಡ ತೀರಿಕೊಂಡರು. ಲಲಿತಾ ಅವರಿಗಿನ್ನೂ 18 ವರ್ಷ. ವಿಧವೆ ಮೂಲೆ ಹಿಡಿಯಬೇಕು ಅನ್ನುತ್ತಿದ್ದ ಕಾಲ ಅದು.

ಅವರ ತಂದೆ ಪಪ್ಪು ಸುಬ್ಬರಾವ್ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಅದುವರೆಗೆ ಹುಡುಗಿಯರೇ ಇಲ್ಲದಿದ್ದ ಆ ಕಾಲೇಜಿನಲ್ಲಿ ಮಗಳಿಗೆ ಸೀಟು ಕೊಡಿ ಎಂದು ಅವರು ಮೇಲಿನವರೊಂದಿಗೆ ಮಾತಾಡಿ ಒಪ್ಪಿಸಿದರು. ಲಲಿತಾ 1940ರಲ್ಲಿ ಎಲೆಕ್ಟ್ರಿಕಲ್ ವಿಭಾಗಕ್ಕೆ ಸೇರಿದರು. ಆಮೇಲೆ ಸಿವಿಲ್‌ಗೆ ಇನ್ನಿಬ್ಬರು ಹುಡುಗಿಯರು ಬಂದರು. ಮೂವರ ಪದವಿ ಪತ್ರದಲ್ಲೂ ಮೊದಲೇ ಅಚ್ಚಾಗಿದ್ದ 'ಹಿ' ಎಂಬುದನ್ನು ಹೊಡೆದು 'ಶಿ' ಎಂದು ಕೈಯಲ್ಲಿ ತಿದ್ದಿ ಕೊಟ್ಟರು!

ಮುಂದೆ ಜಮಾಲ್‌ಪುರದ ರೈಲ್ವೆ ವರ್ಕ್‌ಶಾಪಿನಲ್ಲಿ ತರಬೇತಿ, ಶಿಮ್ಲಾದಲ್ಲಿ ಕೆಲಸ, ಆಮೇಲೆ ಕಲ್ಕತ್ತಾದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್. ಭಾಕ್ರಾ ನಂಗಲ್ ಯೋಜನೆಯ ಜನರೇಟರುಗಳ ಕೆಲಸದಲ್ಲೂ ಅವರ ಪಾಲಿದೆ. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಇಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೂ ಹೋಗಿ ಬಂದರು.

ಕಲ್ಕತ್ತಾ ಯಾಕೆ? ಅಲ್ಲಿ ಅವರ ಅಣ್ಣನ ಮನೆ ಇತ್ತು. ಅಮ್ಮ ಕೆಲಸಕ್ಕೆ ಹೋದಾಗ ಮಗಳನ್ನು ನೋಡಿಕೊಳ್ಳಲು ಆ ಮನೆಯವರಿದ್ದರು. ಲಲಿತಾ ಅವರ ಜಾಣ್ಮೆಗೆ ಎರಡು ಮಾತಿಲ್ಲ. ಆದರೆ ಡಯಾಗ್ರಾಮಿನಲ್ಲಿ ತಂದೆಯನ್ನೂ ಅಣ್ಣನ ಮನೆಯನ್ನೂ ಅಳಿಸಿಬಿಟ್ಟರೆ ಈ ಕಥೆ 1937ರಲ್ಲೇ ಮುಗಿಯುತ್ತಿತ್ತು.

ರಾಜೇಶ್ವರಿ ಚಟರ್ಜಿ: ಗಂಡ ಹೆಂಡತಿ, ಒಂದೇ ಲ್ಯಾಬ್

ನಮ್ಮ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು ಇವರು. ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಂದರೆ, 'ಹುಡುಗಿಗೆ ಇಷ್ಟು ಓದು ಯಾಕೆ' ಎನ್ನುವ ಜಗಳವನ್ನು ಎರಡು ತಲೆಮಾರಿನ ಹಿಂದೆಯೇ ಅಜ್ಜಿ ಆಡಿ ಮುಗಿಸಿದ್ದರು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಾವು 'ಟಾಟಾ ಇನ್‌ಸ್ಟಿಟ್ಯೂಟ್' ಅಂತ ಕರೆಯೋ ಕಡೆಗೆ, ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗಿನ ಸ್ನಾತಕೋತ್ತರ ಪದವಿ, ಬಳಿಕ ಅಲ್ಲೇ ಪಿಎಚ್‌ಡಿ ಮುಗಿಸಿದರು. 1953ರಲ್ಲಿ ವಾಪಸ್ ಬಂದು ಅದೇ ಸಂಸ್ಥೆಯ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ವಿಭಾಗದಲ್ಲಿ ಪಾಠ ಮಾಡತೊಡಗಿದರು. ಅದೇ ವರ್ಷ ಅದೇ ವಿಭಾಗದ ಅಧ್ಯಾಪಕ ಶಿಶಿರ್ ಕುಮಾರ್ ಚಟರ್ಜಿ ಅವರೊಂದಿಗೆ ಮದುವೆ.

ಇಬ್ಬರೂ ಸೇರಿ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ಆಂಟೆನಾಗಳ ಮೇಲೆ ಅವರು ಮಾಡಿದ ಕೆಲಸದ ಫಲ ರಾಡಾರ್‌ನಂಥ ಕಡೆ ಬಳಕೆಗೆ ಬಂತು. ರಾಜೇಶ್ವರಿ ಅವರು 20 ಮಂದಿಗೆ ಪಿಎಚ್‌ಡಿ ಮಾರ್ಗದರ್ಶನ ಮಾಡಿದರು, 100ಕ್ಕೂ ಹೆಚ್ಚು ಪ್ರಬಂಧ ಬರೆದರು, ಏಳು ಪುಸ್ತಕ ತಂದರು. ವಿಭಾಗದ ಮುಖ್ಯಸ್ಥರೂ ಆದರು. ಮಗಳು ಇಂದಿರಾ ಕೂಡ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪ್ರಾಧ್ಯಾಪಕಿ. ಅಜ್ಜಿ ಹಾಕಿದ ದಾರಿ ಮುಂದುವರಿದಿದ್ದು ಹೀಗೆ.

ಇಲ್ಲಿ ಸಪೋರ್ಟು ಬೇರೆ ಥರದ್ದು. ಅದೇ ಕೆಲಸ ಮಾಡುವ ಗಂಡನಿಗೆ ಪ್ರಯೋಗ ಮಧ್ಯೆ ಬಿಟ್ಟು ಬರೋಕೆ ಯಾಕೆ ಆಗಲ್ಲ ಎಂದು ವಿವರಿಸಬೇಕಾಗಿಲ್ಲ. ಇಬ್ಬರ ಕೆಲಸಕ್ಕೂ ಒಂದೇ ತೂಕ. 'ಯಾರ ಕೆಲಸ ಮುಖ್ಯ' ಅನ್ನೋ ಪ್ರಶ್ನೆಗೆ ಜಾಗವೇ ಕಮ್ಮಿ. ಇನ್ನೊಂದು, ಅವರ ಸಂಸ್ಥೆ ದಂಪತಿಗೆ ಒಂದೇ ವಿಭಾಗದಲ್ಲಿ ಬೆಳೆಯಲು ಅವಕಾಶ ಕೊಟ್ಟಿತು. ಒಬ್ಬರಿಗೆ ಬೇರೆ ಊರು ನೋಡಿಕೊಳ್ಳಿ ಅಂದಿದ್ದರೆ ಮೂಟೆ ಕಟ್ಟೋದು ಸಾಮಾನ್ಯವಾಗಿ ಯಾರ ಕೆಲಸ ಅಂತ ನಮಗೆ ಗೊತ್ತೇ ಇದೆ.

ಅನುರಾಧಾ ಟಿ. ಕೆ.: 29 ವರ್ಷದ ಏಣಿ

ರಾಜೇಶ್ವರಿ ಅವರು ನಿವೃತ್ತರಾದ 1982ರಲ್ಲೇ ಬೆಂಗಳೂರಿನ ಯುವಿಸಿಇಯಲ್ಲಿ ಓದಿದ ಅನುರಾಧಾ ಇಸ್ರೋ ಸೇರಿದರು. ಉಪಗ್ರಹವೊಂದರ ಪ್ರಾಜೆಕ್ಟ್ ಡೈರೆಕ್ಟರ್ ಆದ ಇಸ್ರೋದ ಮೊದಲ ಮಹಿಳೆ ಅವರು. ಆ ಉಪಗ್ರಹ ಜಿಸ್ಯಾಟ್-12 ಹಾರಿದ್ದು 2011ರ ಜುಲೈ 15ರಂದು.

ಲೀಡರ್ ಆಗೋದು ಅಂದರೆ ಏನು ಅಂತ ತಿಳಿಯಲು ಆ ಜುಲೈ ತಿಂಗಳನ್ನೇ ನೋಡಿ. ಪಿಎಸ್‌ಎಲ್‌ವಿ-ಸಿ17 ರಾಕೆಟ್ 1,410 ಕೆ.ಜಿ. ತೂಕದ ಈ ಉಪಗ್ರಹವನ್ನು ಬಿಟ್ಟಿದ್ದು ಸುಮಾರು 21,000 ಕಿ.ಮೀ. ತನಕ ಹೋಗುವ ಕಕ್ಷೆಯಲ್ಲಿ. ತಲುಪಬೇಕಾದ ಎತ್ತರ ಸುಮಾರು 36,000 ಕಿ.ಮೀ. ಹಾಗಾಗಿ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಿಂದ ಉಪಗ್ರಹದ ಎಂಜಿನ್ನನ್ನು ಹಂತಹಂತವಾಗಿ ಉರಿಸಿ ಕಕ್ಷೆ ಏರಿಸಬೇಕಿತ್ತು. ಈ ಕಾರ್ಯಾಚರಣೆಯ ಹೊಣೆ ಹೊತ್ತವರು ಮೂವರು ಮಹಿಳೆಯರು: ಪ್ರಾಜೆಕ್ಟ್ ಡೈರೆಕ್ಟರ್ ಅನುರಾಧಾ, ಮಿಷನ್ ಡೈರೆಕ್ಟರ್ ಪ್ರಮೋದಾ ಹೆಗಡೆ, ಆಪರೇಶನ್ಸ್ ಡೈರೆಕ್ಟರ್ ಅನುರಾಧಾ ಎಸ್. ಪ್ರಕಾಶಂ.

ಉಪಗ್ರಹಕ್ಕೆ ಭಾನುವಾರ, ಹಬ್ಬ, ಮಗುವಿನ ಜ್ವರ ಯಾವುದೂ ಗೊತ್ತಾಗಲ್ಲ. ಎಂಜಿನ್ ಉರಿಸಬೇಕಾದ ಗಳಿಗೆಗೆ ತಂಡ ಸಿದ್ಧ ಇರಲೇಬೇಕು. ಅಂಥ ದಿನಗಳಲ್ಲಿ ಮನೆಯಲ್ಲಿ ಕುಕ್ಕರ್ ಇಡೋರು ಬೇರೆ ಯಾರೋ ಇರಬೇಕು. ಇಬ್ಬರು ಹೆಣ್ಣುಮಕ್ಕಳ ತಾಯಿಯಾದ ಅನುರಾಧಾ, ಗಂಡ ಮತ್ತು ಅತ್ತೆ ಮಾವ ಜೊತೆಗಿದ್ದುದರಿಂದ ಮಕ್ಕಳ ಚಿಂತೆ ಹೆಚ್ಚು ಇರಲಿಲ್ಲ ಎಂಬರ್ಥದಲ್ಲಿ ಸಂದರ್ಶನಗಳಲ್ಲಿ ಹೇಳಿದ್ದಾರೆ. ನಾವು ಇದನ್ನು ಸೌಜನ್ಯದ ಮಾತು ಅಂತ ಓದಿ ಮುಂದೆ ಹೋಗ್ತೀವಿ. ಅದು ನಿಜಕ್ಕೂ ಡಯಾಗ್ರಾಮಿನ ಮುಖ್ಯ ಬಾಣ.

ಹಾಗಾದರೆ ಹಲವರು ಎಲ್ಲಿ ಕಳಚಿಕೊಳ್ತಾರೆ?

ಕೆಲಸ ಸೇರುವಾಗ ಅಲ್ಲ. ಮಧ್ಯದಲ್ಲಿ. ಸುಮಾರು 28ರಿಂದ 38ರ ನಡುವಿನ ವರ್ಷಗಳನ್ನೇ ನೋಡಿ. ಮೊದಲ ಸಲ ತಂಡದ ಹೊಣೆ ಸಿಗೋದು, ಕಷ್ಟದ ಪ್ರಾಜೆಕ್ಟಿನಲ್ಲಿ ಹೆಸರು ಮಾಡೋದು, ಹೊರದೇಶಕ್ಕೆ ಕಳಿಸೋದು ಎಲ್ಲ ಆಗಲೇ. ಮಕ್ಕಳು ಚಿಕ್ಕವರಿರೋದೂ ಆಗಲೇ. ಯಾರೂ ಬಾಯಿಬಿಟ್ಟು 'ಹೆಂಗಸರಿಗೆ ಬೇಡ' ಅನ್ನೋದಿಲ್ಲ. 'ಪಾಪ, ಮಗು ಚಿಕ್ಕದು' ಅಂತ ಕಷ್ಟದ ಕೆಲಸ ಬೇರೆಯವರಿಗೆ ಹೋಗುತ್ತೆ. ಮುಂದಿನ ವರ್ಷ ಬಡ್ತಿಯ ಮಾತು ಬಂದಾಗ 'ಇವರು ದೊಡ್ಡ ಪ್ರಾಜೆಕ್ಟ್ ಮಾಡಿಲ್ಲವಲ್ಲ' ಅಂತಾರೆ. ಔಟ್‌ಪುಟ್ಟೇ ಮತ್ತೆ ಇನ್‌ಪುಟ್ ಆಗೋ ಫೀಡ್‌ಬ್ಯಾಕ್ ಲೂಪ್ ಇದು.

ಮನೆಯ ಕಡೆಯ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರಲ್ಲಿ ಮಾಡುವವರು ಕೊಡೋದು 97 ನಿಮಿಷ. ವ್ಯತ್ಯಾಸ ದಿನಕ್ಕೆ ಮೂರು ಗಂಟೆಗೂ ಹೆಚ್ಚು. ಮನೆಗೆಲಸವನ್ನೇ ಮಾಡದ ಗಂಡಸರು ಈ ಸರಾಸರಿಯಲ್ಲಿ ಸೇರಿಯೇ ಇಲ್ಲ.

ಕಾನೂನು ಕೊಂಚ ಭಾರ ಹೊರುತ್ತದೆ. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುವಿಹಾರ ಬೇಕು ಎಂದಿತು. ವೃತ್ತಿ ಮಧ್ಯೆ ನಿಂತುಹೋದ ಮಹಿಳಾ ವಿಜ್ಞಾನಿಗಳು ಮರಳಿ ಬರಲೆಂದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಫೆಲೋಶಿಪ್ ಕೊಡುತ್ತದೆ. ಆದರೆ ಮಗುವಿನ ಹೊಣೆಯನ್ನು ಪೂರಾ ಅಮ್ಮನ ಲೆಕ್ಕಕ್ಕೇ ಬರೆದರೆ, ರಜೆ ಉದ್ದವಾದಷ್ಟೂ ಕೆಲವು ಮ್ಯಾನೇಜರುಗಳು ಹುಡುಗಿಯರನ್ನು ತೆಗೆದುಕೊಳ್ಳಲು ಹಿಂಜರಿಯುವ ಅಪಾಯವೂ ಇದೆ. ಅಪ್ಪನೂ ರಜೆ ಹಾಕಿದರೆ ಮಾತ್ರ ಈ ಲೆಕ್ಕ ಸಮ ಆಗೋದು.

ನಾವೇನು ಮಾಡಬಹುದು?

ಪ್ಲೇಸ್‌ಮೆಂಟಿಗೆ ಬರೋ ಕಂಪನಿಗಳಿಗೆ ಪ್ಯಾಕೇಜ್ ಎಷ್ಟು ಅಂತ ಕೇಳ್ತೀವಿ. ಜೊತೆಗೆ ಇವನ್ನೂ ಕೇಳೋಣ: ಶಿಶುವಿಹಾರ ಇದೆಯಾ? ಅಪ್ಪನಿಗೆ ಎಷ್ಟು ದಿನ ರಜೆ? ಹೆರಿಗೆ ರಜೆ ಮುಗಿಸಿ ಬಂದವರಿಗೆ ಹಳೇ ತಂಡ, ಹಳೇ ಹೊಣೆ ವಾಪಸ್ ಸಿಗುತ್ತಾ? ಈ ಪ್ರಶ್ನೆಗಳನ್ನು ಹುಡುಗರು ಕೇಳಿದರೆ ಇನ್ನೂ ಒಳ್ಳೆಯದು, ಯಾಕಂದ್ರೆ ಹುಡುಗಿ ಕೇಳಿದರೆ 'ಇವಳು ಬೇಗ ರಜೆ ಹಾಕ್ತಾಳೆ' ಅಂದುಕೊಳ್ಳೋರು ಇದ್ದಾರೆ.

ಹುಡುಗಿಯರಿಗೆ ಒಂದು ಮಾತು. ಮದುವೆ ಮಾತುಕತೆ ಬಂದಾಗ ಸಂಬಳ, ಊರು, ಜಾತಕದ ಜೊತೆ 'ನನಗೆ ರಾತ್ರಿ ಪಾಳಿ ಬಂದರೆ ಮನೇಲಿ ಯಾರು?' ಅಂತಲೂ ಕೇಳಿ. ಅದು ಅಧಿಕಪ್ರಸಂಗ ಅಲ್ಲ. ಹುಡುಗರಿಗೂ ಒಂದು ಮಾತು. ಅನ್ನ, ಸಾರು, ಬಟ್ಟೆ, ಪಾತ್ರೆ ಇವು ನಾಲ್ಕು ಹಾಸ್ಟೆಲ್ ಬಿಡೋ ಮುಂಚೆ ಬರಲಿ. 'ನಾನು ಹೆಲ್ಪ್ ಮಾಡ್ತೀನಿ' ಅಂದರೆ ಕೆಲಸ ಇನ್ನೂ ಅವಳದ್ದೇ ಅಂತ ಅರ್ಥ. ನಿಮ್ಮ ಪಾಲು ನೀವು ಮಾಡಿ, ಸಾಕು.

ಮತ್ತೆ, ಮುಂದಿನ ಟೆಕ್ ಫೆಸ್ಟಿಗೆ ಮಹಿಳಾ ಅತಿಥಿ ಬಂದಾಗ ಅವರ ಉಪಗ್ರಹ, ಚಿಪ್ಪು, ಸೇತುವೆಯ ಬಗ್ಗೆ ಕೇಳೋಣ. 'ಮನೆ ಹೇಗೆ ಸಂಭಾಳಿಸ್ತೀರಿ?' ಅನ್ನೋದನ್ನು ಅವರ ಪಕ್ಕ ಕೂತಿರೋ ಪುರುಷ ಅತಿಥಿಗೆ ಕೇಳೋಣ. ಏನು ಹೇಳ್ತಾರೋ ನೋಡೋಣ.