ಪರಮಾಣುವಿಗಿಂತ ಹಗುರವಾದ ತಿದ್ದುಪಡಿ

ಹೃದಯ ದಿನಕ್ಕೆ ಹೆಚ್ಚುಕಡಿಮೆ 1 ಲಕ್ಷ ಸಲ ಬಡಿಯುತ್ತದೆ. ಎಪ್ಪತ್ತು ವರ್ಷ ಬದುಕಿದವರ ಲೆಕ್ಕ 250 ಕೋಟಿ ದಾಟುತ್ತದೆ. ಬಡಿದಾಗಲೆಲ್ಲ ದೊಡ್ಡ ಅಪಧಮನಿಗಳು ಹಿಗ್ಗಿ ಮತ್ತೆ ಮೊದಲಿನಂತಾಗಬೇಕು. ಅವುಗಳ ಗೋಡೆಗೆ ಆ ಗುಣ ಬಂದಿರುವುದು ಎಲಾಸ್ಟಿನ್ ಎಂಬ ಪ್ರೋಟೀನಿನ ಎಳೆಗಳಿಂದ. ಈ ಎಳೆಗಳ ಬಹುಪಾಲು ಚಿಕ್ಕಂದಿನಲ್ಲೇ ನೇಯ್ದು ಮುಗಿದಿರುತ್ತದೆ. ಆಮೇಲೆ ಹೊಸ ನೂಲು ಸಿಗುವುದು ತೀರಾ ಅಪರೂಪ. ಶಾಲೆಗೆ ಹೋಗುತ್ತಿದ್ದಾಗ ಇದ್ದ ಎಳೆಗಳೇ ಪಿಂಚಣಿ ಬರುವಾಗಲೂ ದುಡಿಯುತ್ತಿರುತ್ತವೆ.

ಇಂಥದ್ದನ್ನು ಕಡಿದುಹಾಕುವ ಕಿಣ್ವವನ್ನೂ ದೇಹವೇ ತಯಾರಿಸುತ್ತದೆ. ಅದರ ಹೆಸರು ಕೆಥೆಪ್ಸಿನ್ ಎಸ್. ಅಪಧಮನಿಯ ಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ಉರಿಯೂತ ಎದ್ದ ಕಡೆ ಇದು ಹೆಚ್ಚುತ್ತದೆ. ಏಕೆ ಹೆಚ್ಚುತ್ತದೆ ಎಂಬುದಕ್ಕೆ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸಂಶೋಧಕರ ತಂಡ 2016ರಲ್ಲಿ ಒಂದು ಉತ್ತರ ಕೊಟ್ಟಿತು. ಆ ಉತ್ತರದ ಗಾತ್ರವೇ ಬೆರಗು ಹುಟ್ಟಿಸುವಂಥದ್ದು.

ಕಿಣ್ವ ತಯಾರಾಗಬೇಕಾದರೆ ಡಿಎನ್‌ಎಯಲ್ಲಿರುವ ಸೂಚನೆ ಆರ್‌ಎನ್‌ಎಗೆ ನಕಲಾಗಬೇಕಷ್ಟೆ. ಆ ನಕಲಿನಲ್ಲಿರುವ ಅಡಿನೋಸಿನ್ ಎಂಬ ಅಕ್ಷರವನ್ನು ಅಡಾರ್-1 ಎಂಬ ಮತ್ತೊಂದು ಕಿಣ್ವ ಇನೋಸಿನ್ ಆಗಿ ತಿದ್ದುತ್ತದೆ. ಒಂದು ಸಾರಜನಕ, ಅದಕ್ಕೆ ಅಂಟಿದ ಎರಡು ಜಲಜನಕ ಹೋಗಿ, ಆ ಜಾಗಕ್ಕೆ ಒಂದು ಆಮ್ಲಜನಕ, ಅದರೊಂದಿಗೆ ಒಂದು ಜಲಜನಕ ಬರುತ್ತವೆ. ಆಮೇಲೆ ಆ ಜಲಜನಕ ಒಳಗೊಳಗೇ ಜಾಗ ಬದಲಿಸುತ್ತದೆ. ಅಡಿನೋಸಿನ್‌ನ ಅಣುತೂಕ 267.24, ಇನೋಸಿನ್‌ನದು 268.23. ವ್ಯತ್ಯಾಸ 1ಕ್ಕಿಂತಲೂ ಕಡಿಮೆ. ವಿಶ್ವದ ಅತಿ ಹಗುರ ಪರಮಾಣುವಾದ ಜಲಜನಕದ್ದು 1.008! ಇಷ್ಟು ಸಾಕು, ಆರ್‌ಎನ್‌ಎಗೆ ಕಾವಲು ನಿಲ್ಲುವ ಒಂದು ಪ್ರೋಟೀನ್ ಬಂದು ಕೂರುತ್ತದೆ. ಬೇಗ ನಾಶವಾಗಬೇಕಿದ್ದ ನಕಲು ಉಳಿಯುತ್ತದೆ, ಎಳೆ ಕಡಿಯುವ ಕಿಣ್ವ ಜಾಸ್ತಿ ತಯಾರಾಗುತ್ತದೆ. ಹೃದಯದ ಮತ್ತು ಕತ್ತಿನ ಅಪಧಮನಿಗಳ ಕಾಯಿಲೆ ಇದ್ದವರಲ್ಲಿ ಅಡಾರ್-1ರ ಮಟ್ಟ ಏರಿದಂತೆ ಕೆಥೆಪ್ಸಿನ್ ಎಸ್ ಕೂಡ ಏರಿತ್ತು.

ಈ ತಿದ್ದುಪಡಿ ನಡೆಯುವ ಜಾಗವೂ ಸ್ವಾರಸ್ಯದ್ದೇ. 300 ಕೋಟಿ ಅಕ್ಷರಗಳ ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್ ಬರೆಯುವ ಭಾಗ ಶೇಕಡಾ 2ರಷ್ಟೂ ಇಲ್ಲ. ಆದರೆ ಸುಮಾರು 300 ಅಕ್ಷರ ಉದ್ದದ ‘ಆಲು’ ಎಂಬ ತುಣುಕು ಮಾತ್ರ 10 ಲಕ್ಷಕ್ಕೂ ಹೆಚ್ಚು ಸಲ ಮರುಕಳಿಸಿ ಶೇಕಡಾ 10ರಷ್ಟು ಜಾಗ ನುಂಗಿದೆ. ಬಹುಕಾಲ ಅದನ್ನು ಕಸವೆಂದೇ ತಳ್ಳಿಹಾಕಿದ್ದರು (ವಿಜ್ಞಾನಿಗಳಿಗೆ ಅರ್ಥವಾಗದ್ದೆಲ್ಲ ಸ್ವಲ್ಪ ದಿನ ಕಸವೇ). ಎದುರುಬದುರಾದ ಎರಡು ಆಲುಗಳು ಒಂದಕ್ಕೊಂದು ಹೆಣೆದುಕೊಂಡಲ್ಲಿ ಅಡಾರ್-1 ಕೆಲಸಕ್ಕಿಳಿಯುತ್ತದೆ. ಹೀಗೆ ತಿದ್ದಲ್ಪಡಬಹುದಾದ ತಾಣಗಳು ನಮ್ಮಲ್ಲಿ 10 ಕೋಟಿಗೂ ಹೆಚ್ಚೆಂದು 2014ರ ಒಂದು ಅಂದಾಜು.

ಹಾಗಾದರೆ ಅಡಾರ್-1ನ್ನೇ ನಿಲ್ಲಿಸಿಬಿಟ್ಟರಾಯಿತಲ್ಲ? ಆಗುವುದಿಲ್ಲ. ಅದಿಲ್ಲದ ಇಲಿಮರಿ ಗರ್ಭದಲ್ಲೇ ಸಾಯುತ್ತದೆ. ತಿದ್ದದೆ ಬಿಟ್ಟ ಸ್ವಂತ ಆರ್‌ಎನ್‌ಎಯನ್ನು ದೇಹ ವೈರಸ್ ಎಂದು ಭ್ರಮಿಸಿ ಯುದ್ಧಕ್ಕಿಳಿಯುತ್ತದೆ.

ಆದರೆ ಆರ್‌ಎನ್‌ಎ ತಿದ್ದುವ ವಿದ್ಯೆಯನ್ನು ಔಷಧ ತಯಾರಕರು ಬೇರೆ ದಾರಿಯಲ್ಲಿ ಬಳಸಿದ್ದಾರೆ. ಬರಿಯ ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಚೂರುಚೂರು. ಇನ್‌ಕ್ಲಿಸಿರಾನ್ ಎಂಬ ಚುಚ್ಚುಮದ್ದಿನಲ್ಲಿರುವುದು 44 ಅಕ್ಷರ. ಅದಕ್ಕೇ ಅವುಗಳಲ್ಲಿ ಒಂದನ್ನೂ ಸಹಜ ಆರ್‌ಎನ್‌ಎ ರೂಪದಲ್ಲಿ ಉಳಿಸಿಲ್ಲ. ಅದು ಯಕೃತ್ತಿಗೆ ಹೋಗಿ, ರಕ್ತದಿಂದ ಕೊಲೆಸ್ಟ್ರಾಲ್ ತೆಗೆಯುವುದಕ್ಕೆ ಅಡ್ಡಬರುವ ಪ್ರೋಟೀನೊಂದರ ತಯಾರಿಕೆಯನ್ನು ತಡೆಯುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಸುಮಾರು ಅರ್ಧಕ್ಕಿಳಿಯುತ್ತದೆ. ಅಮೆರಿಕದಲ್ಲಿ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಮೊದಲ ಡೋಸ್, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ 284 ಮಿಲಿಗ್ರಾಂ.