ಗೋದಾವರಿ ಹೆಸರಿನ ಎರಡು ಯುದ್ಧನೌಕೆಗಳು

ಗೋದಾವರಿ ಎಂಬ ಹೆಸರು ಹೊತ್ತ ಯುದ್ಧನೌಕೆಗಳು ಎರಡು. ಒಂದು ಎರಡನೇ ಮಹಾಯುದ್ಧದ ನಡುವೆ ಇಂಗ್ಲೆಂಡಿನಲ್ಲಿ ಕಟ್ಟಿದ್ದು, ಇನ್ನೊಂದು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಸಿದ್ಧವಾದದ್ದು. ಹೆಸರು ಕೊಟ್ಟ ನದಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ. ಅರಬ್ಬೀ ಸಮುದ್ರ ಅಲ್ಲಿಂದ ಸುಮಾರು 80 ಕಿ.ಮೀ. ಅಷ್ಟೆ. ಆದರೂ ನದಿ ಅತ್ತ ತಿರುಗದೆ ನಾಸಿಕ್‌ನ ರಾಮಕುಂಡ ದಾಟಿ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟೆಗೆ ತುಂಬಿಕೊಂಡು, ಪೂರ್ವಕ್ಕೆ 1465 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತದೆ. ಬೀದರ್ ಜಿಲ್ಲೆಯ ಮಾಂಜ್ರಾ ಇದರದೇ ಉಪನದಿ. ಪೈಠಣ ಶಾತವಾಹನರ ರಾಜಧಾನಿಯಾಗಿತ್ತು. ಆ ವಂಶದ ಯಜ್ಞಶ್ರೀ ಶಾತಕರ್ಣಿಯ ನಾಣ್ಯಗಳಲ್ಲಿ ಎರಡು ಪಟಸ್ತಂಭಗಳ ಹಡಗಿನ ಚಿತ್ರವಿದೆ. ಹೀಗಾಗಿ ಒಳನಾಡಿನ ನದಿಗೂ ಹಡಗಿಗೂ ನಂಟು ತೀರ ಹೊಸದಲ್ಲ.

ಮೊದಲ ಗೋದಾವರಿ ಬ್ಲ್ಯಾಕ್ ಸ್ವಾನ್ ಮಾದರಿಯ ಸ್ಲೂಪ್. ಸೌತಾಂಪ್ಟನ್‌ನ ಥಾರ್ನಿಕ್ರಾಫ್ಟ್ ಕಾರ್ಖಾನೆಯಲ್ಲಿ 1943ರ ಜನವರಿಯಲ್ಲಿ ನೀರಿಗಿಳಿದು, ಅದೇ ವರ್ಷ ಜೂನ್‌ನಲ್ಲಿ ರಾಯಲ್ ಇಂಡಿಯನ್ ನೇವಿಯ ಸೇವೆಗೆ ಸೇರಿತು. ಸರಕು ಹಡಗುಗಳ ಸಾಲಿಗೆ ಕಾವಲಾಗಿ ಸಾಗುವುದು, ಜಲಾಂತರ್ಗಾಮಿಗಳನ್ನು ಹುಡುಕಿ ಸಿಡಿಗುಂಡು ಹಾಕುವುದು ಈ ಬಗೆಯ ಹಡಗಿನ ಕೆಲಸ. ಯುದ್ಧ ಮುಗಿದ ಮೇಲೆ ಇವನ್ನು ಫ್ರಿಗೇಟ್‌ಗಳೆಂದೇ ಎಣಿಸಲಾಯಿತು. ಸತ್ಲಜ್, ಜಮ್ನಾ, ನರ್ಬದಾ, ಕಿಸ್ತ್ನಾ, ಕಾವೇರಿ ಇದರ ಜೊತೆಗಾರ ಸ್ಲೂಪ್‌ಗಳು. ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯಾಗಿ ಹೆಸರಿಸುವ ಎರಡು ನದಿಗಳೂ ಈ ಪಟ್ಟಿಯಲ್ಲಿರುವುದು ಕನ್ನಡಿಗರ ಕಣ್ಣಿಗೆ ಬೀಳದೆ ಇರದು.

ಗೋದಾವರಿಯ ದೊಡ್ಡ ಸಾಧನೆ 1944ರ ಆಗಸ್ಟ್ 12ರದು. ಹಿಂದೂ ಮಹಾಸಾಗರದಲ್ಲಿ ಸರಕು ಹಡಗುಗಳನ್ನು ಬೇಟೆಯಾಡುತ್ತಿದ್ದ ಜರ್ಮನಿಯ ಯು-198 ಜಲಾಂತರ್ಗಾಮಿಯ ಬೆನ್ನುಹತ್ತಲು ಬ್ರಿಟಿಷ್ ವಿಮಾನವಾಹಕಗಳನ್ನೂ ಬೆಂಗಾವಲು ನೌಕೆಗಳನ್ನೂ ಸೇರಿಸಿ ಒಂದು ಪಡೆ ಹೊರಟಿತ್ತು. ಸೇಷಲ್ಸ್ ದ್ವೀಪಗಳ ಬಳಿ ಬ್ರಿಟನ್ನಿನ ಫ್ರಿಗೇಟ್ ಫೈಂಡ್‌ಹಾರ್ನ್ ಮತ್ತು ಗೋದಾವರಿ ಸೇರಿ ಅದನ್ನು ಮುಳುಗಿಸಿದವು. ಅದರೊಳಗಿದ್ದ 66 ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ.

ದೇಶ ಒಡೆದಾಗ ನೌಕಾಪಡೆಯೂ ಪಾಲಾಯಿತು. ನರ್ಬದಾ, ಗೋದಾವರಿ ಪಾಕಿಸ್ತಾನಕ್ಕೆ ಹೋದವು. ಪಾಕಿಸ್ತಾನದತ್ತ ಹರಿಯುವ ನದಿಯ ಹೆಸರಿನ ಸತ್ಲಜ್ ಭಾರತದಲ್ಲಿ ಉಳಿಯಿತು. ಪಾಲು ಮಾಡಿದವರು ಭೂಪಟ ನೋಡಿ ಹಂಚಿದಂತೆ ಕಾಣುವುದಿಲ್ಲ. ಗೋದಾವರಿ ‘ಸಿಂಧ್’ ಎಂಬ ಹೊಸ ಹೆಸರಿನಲ್ಲಿ ಸುಮಾರು ಹತ್ತು ವರ್ಷ ದುಡಿದು 1959ರಲ್ಲಿ ಗುಜರಿಗೆ ಹೋಯಿತು. ಭಾರತದ ಪಾಲಿಗೆ ಬಂದ ಕಾವೇರಿ 1961ರ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲೂ ಇತ್ತು.

ಎರಡನೆಯ ಗೋದಾವರಿಯ ಕತೆ ಎರವಲು ನಕ್ಷೆಯಿಂದ ಶುರುವಾಗುತ್ತದೆ. ಬ್ರಿಟನ್ನಿನ ಲಿಯಾಂಡರ್ ಮಾದರಿಯಲ್ಲಿ ನೀಲಗಿರಿ ವರ್ಗದ ಆರು ಫ್ರಿಗೇಟ್‌ಗಳನ್ನು ಕಟ್ಟಿದ ಮಜಗಾಂವ್ ಡಾಕ್‌ಗೆ, ನೌಕಾಪಡೆಯ ಸ್ವಂತ ವಿನ್ಯಾಸಗಾರರು ಅದೇ ನಕ್ಷೆಯನ್ನು ಹಿಗ್ಗಿಸಿ ಕೊಟ್ಟರು. ಹಡಗಿನ ಉದ್ದ 126 ಮೀಟರಿಗೆ ಏರಿತು. 30,000 ಅಶ್ವಶಕ್ತಿಯ ಹಬೆ ಯಂತ್ರಗಳೇ ಮುಂದುವರಿದವು. ಜಾಗ ಹೆಚ್ಚಿದ್ದರಿಂದ ಎರಡು ಸೀಕಿಂಗ್ ಹೆಲಿಕಾಪ್ಟರ್‌ಗಳು ನಿಲ್ಲಲು ಸಾಧ್ಯವಾಯಿತು. ಸೋವಿಯತ್ ಕ್ಷಿಪಣಿ, ಪಶ್ಚಿಮದ ಉಪಕರಣ, ಈ ವರ್ಗದ ಹಡಗುಗಳಿಗೆ ಬೆಂಗಳೂರಿನ ಬಿಇಎಲ್ ತಯಾರಿಸಿದ ಸೋನಾರ್: ಹೊಂದಿಕೊಳ್ಳಬಾರದ ಈ ಸಾಮಾನುಗಳನ್ನೆಲ್ಲ ಒಂದೇ ಒಡಲಲ್ಲಿ ಕೂಡಿಸಿದ್ದೇ ವಿನ್ಯಾಸಗಾರರ ನಿಜವಾದ ಗೆಲುವು. 1983ರ ಡಿಸೆಂಬರ್ 10ರಂದು ಹಡಗು ಸೇವೆಗೆ ಬಂತು.

1986ರಲ್ಲಿ ಅದು ನ್ಯೂಯಾರ್ಕಿನಲ್ಲಿ ಸ್ವಾತಂತ್ರ್ಯ ಪ್ರತಿಮೆಯ ಶತಮಾನೋತ್ಸವದ ನೌಕಾ ಮೆರವಣಿಗೆಯಲ್ಲಿ ಭಾಗವಹಿಸಿತು. ಎರಡು ವರ್ಷಗಳ ಬಳಿಕ ನಿಜವಾದ ಕೆಲಸ ಎದುರಾಯಿತು. 1988ರ ನವೆಂಬರ್ 3ರಂದು ಬಾಡಿಗೆ ಸೈನಿಕರು ಮಾಲ್ದೀವ್ಸ್ ಸರ್ಕಾರವನ್ನು ಉರುಳಿಸಲು ಹೊರಟರು. ಭಾರತದ ಪ್ಯಾರಾ ಪಡೆ ಇಳಿಯುತ್ತಿದ್ದಂತೆ, ‘ಪ್ರೋಗ್ರೆಸ್ ಲೈಟ್’ ಎಂಬ ಸರಕು ಹಡಗನ್ನು ವಶಪಡಿಸಿಕೊಂಡು, ಸಾರಿಗೆ ಸಚಿವರೂ ಸೇರಿದಂತೆ ಹಲವರನ್ನು ಒತ್ತೆಯಿಟ್ಟು ಶ್ರೀಲಂಕಾದತ್ತ ಪರಾರಿಯಾದರು. ಗೋದಾವರಿ ಮತ್ತು ಬೇತ್ವಾ ಅದನ್ನು ಅಡ್ಡಗಟ್ಟಿದವು. ಎಚ್ಚರಿಕೆಗೆ ಬಗ್ಗದಿದ್ದಾಗ ಫಿರಂಗಿ ಮಾತಾಡಬೇಕಾಯಿತು. ನವೆಂಬರ್ 6ರಂದು ನೌಕಾಪಡೆಯವರು ಹಡಗನ್ನೇರಿ, ಬದುಕುಳಿದಿದ್ದ ಒತ್ತೆಯಾಳುಗಳನ್ನು ಬಿಡಿಸಿದರು.

1994ರ ಕೊನೆಯಲ್ಲಿ ಸೊಮಾಲಿಯಾದಿಂದ ಭಾರತೀಯ ಸೈನಿಕರು ಮರಳುವಾಗ ಗಂಗಾ ಮತ್ತು ಶಾರ್ದೂಲ್ ಜೊತೆ ಇದೂ ಹೋಗಿತ್ತು. 2011ರ ಜೂನ್‌ನಲ್ಲಿ ಏಡನ್ ಕೊಲ್ಲಿಯಲ್ಲಿ, ಕಡಲ್ಗಳ್ಳರಿಂದ ಬಿಡುಗಡೆಯಾದ ‘ಸುಯೆಜ್’ ಹಡಗಿನ ಸಮೀಪ ಪಾಕಿಸ್ತಾನದ ಯುದ್ಧನೌಕೆ ಬಾಬರ್ ಗೋದಾವರಿಗೆ ಉಜ್ಜಿಕೊಂಡು ಹೋಯಿತು. ತಪ್ಪು ಯಾರದೆಂಬುದರ ಬಗ್ಗೆ ಎರಡೂ ದೇಶಗಳು ಪರಸ್ಪರ ದೂರಿದವು.

ಮೂವತ್ತೆರಡು ವರ್ಷಗಳ ಸೇವೆಯ ನಂತರ, 2015ರ ಡಿಸೆಂಬರ್ 23ರಂದು ಗೋದಾವರಿ ಮುಂಬಯಿಯಲ್ಲಿ ನಿವೃತ್ತಿ ಹೊಂದಿತು. ಅದೇ ವರ್ಗದ ಗಂಗಾ 2018ರಲ್ಲಿ, ಗೋಮತಿ 2022ರಲ್ಲಿ ಸೇವೆ ಮುಗಿಸಿದವು. ಗೋಮತಿಯ ನೆನಪನ್ನು ಉಳಿಸಲು ಅದೇ ಹೆಸರಿನ ನದಿಯ ದಂಡೆಯಲ್ಲಿ, ಲಖನೌದಲ್ಲಿ, ಬಯಲು ವಸ್ತುಸಂಗ್ರಹಾಲಯದ ಯೋಜನೆಯನ್ನು ಉತ್ತರ ಪ್ರದೇಶ ಸರ್ಕಾರ ಕೈಗೆತ್ತಿಕೊಂಡಿತು.